ಬಿಳಿ ದೊರೆಯ ಹೋಟೆಲಿನಲ್ಲಿ ತಗಡಿನ ಲೋಟ

ಮಧುಗಿರಿಯಲ್ಲಿ ನನ್ನಷ್ಟು ಅಗ್ಗವಾಗಿ ನಾಟಕ ಆಡಿಸಿದವರು ಇನ್ನೊಬ್ಬರಿಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ!

ಹೊಸ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ಹೋಟೆಲಿಡಲು ನನಗೆ ಅಮಲ್ದಾರರ ಪರವಾನಗಿ ಬೇಕಿತ್ತು. ಅಮಲ್ದಾರರಿಗೆ ನಾಟಕದ ಹುಚ್ಚು. ಅದೇ ಸಮಯಕ್ಕೆ ಹೈಸ್ಕೂಲ್ ಮೇಷ್ಟ್ರು ಅಮೇರಿಕದ ಹೆಸರಾಂತ ಕಾದಂಬರಿಯೊಂದನ್ನು ನಾಟಕ ಮಾಡಿಕೊಂಡು ಜಾಗಕ್ಕೆ ಅಲೆಯುತ್ತಿದ್ದರು. ಬಿಳಿಯನ ಹೋಟೆಲಿನಲ್ಲಿ ಕರಿಯನೊಬ್ಬ ಬಿಳಿಯರ ಲೋಟ ಮುಟ್ಟಿ ಏಟು ತಿನ್ನುವ ಕಥೆ.

"ನನ್ನ ಹೋಟೆಲಲ್ಲೇ ಆಡಿಸಿ ಮೇಷ್ಟ್ರೇ. ಸ್ಟೇಜು, ಪರದೆ ಎಲ್ಲಾ ದಂಡ. ಸುತ್ತ ಜನ, ಮಧ್ಯೆ ನಾಟಕ!"

"ಆಹಾ! ಜನರ ಮಡಿಲಲ್ಲೇ ನಾಟಕ! ಬಿಳಿ ಮಾಲೀಕನ ಪಾತ್ರ ನೀವೇ ಮಾಡಿ. ನಿಮಗೆ ಅಭ್ಯಾಸವೇ ಬೇಡ."

ಹೊಗಳಿಕೆ ಅಂದುಕೊಂಡೆ!

ಕರಿಯನ ಪಾತ್ರಕ್ಕೆ ಕೇರಿಯಿಂದ ನಮಗೆ ಸೌದೆ ತರುವ ಹನುಮಂತ ಒಪ್ಪಿದ. ಕರಿಯನಿಗೆ ಬೇರೆ ಲೋಟ ಬೇಕಲ್ಲ ಎಂದರು ಮೇಷ್ಟ್ರು.

"ಕೊಳ್ಳೋದ್ಯಾಕೆ? ಹಿತ್ತಿಲ ಮೊಳೆಗೆ ಹನುಮಂತನ ತಗಡಿನ ಲೋಟ ನೇತಾಡ್ತಿದೆಯಲ್ಲ!"

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. ನನ್ನ ಜಾಣತನಕ್ಕೆ ಬೆರಗಾದರು ಅಂತ ನನ್ನ ಎಣಿಕೆ.

"ಆ ಲೋಟ ಬ್ಯಾಡ ಕಣ್ರೀ, ಅಮಲ್ದಾರರು ಬರ್ತಾರೆ," ಎಂದಳು ನನ್ನ ಹೆಂಡತಿ ರಂಗಮ್ಮ.

"ನಿಂಗೇನ್ ಗೊತ್ತು ಸುಮ್ನಿರೇ!"

ಭಾನುವಾರ ಸಂಜೆ. ಪೌಡರ್ ದುಬಾರಿಯೆಂದು ಮುಖಕ್ಕೆ ಮೈದಾ ಬಳಿದುಕೊಂಡಿದ್ದೆ. ಬೆವರಿಗೆ ಅದು ಬೋಂಡದ ಹಿಟ್ಟಾಯಿತು. ಅಮಲ್ದಾರರು ಕೈಗೆಟುಕುವಷ್ಟು ಹತ್ತಿರ ಕೂತಿದ್ದರು.

ಹೆದರಿ, ತಡವರಿಸಿ ಬರಬೇಕೆಂದು ಹನುಮಂತನಿಗೆ ಮೇಷ್ಟ್ರು ಹೇಳಿಕೊಟ್ಟಿದ್ದರು. ಅವನೋ, ನೆಟ್ಟಗೆ ಬಂದ, ಲೋಟ ತೊಳೆದ, ದೂರ ನಿಂತು ಒಡ್ಡಿದ. ನಾನು ಚೊಂಬನ್ನು ಮೇಲಕ್ಕೆತ್ತಿ ಕಾಫಿ ಸುರಿದೆ. ಒಂದು ಹನಿ ಆಚೀಚೆ ಬೀಳಲಿಲ್ಲ!

ಹಿಂದಿನಿಂದ ಕಳ್ಳಂಬೆಳ್ಳದ ಕಡ್ಲೇಕಾಯಿ ವ್ಯಾಪಾರಿ ಕೂಗಿದ: "ಇದ್ಯಾವ ನಾಟ್ಕ ಕಣ್ಲಾ? ದಿನಾ ಇಂಗೇ ಅಲ್ವಾ!"

ಹೋಟೆಲೆಲ್ಲ ನಗು. ಅಮಲ್ದಾರರು ಮಾತ್ರ ನಗಲಿಲ್ಲ.

"ಏನ್ರೀ, ಈ ಲೋಟ ನಾಟಕಕ್ಕೇಂತ ತಂದದ್ದು ತಾನೇ?"

ಅಡುಗೆಮನೆ ಬಾಗಿಲಲ್ಲಿ ರಂಗಮ್ಮ ಕತ್ತು ಮುರಿಯುವ ಹಾಗೆ ತಲೆ ಆಡಿಸಿದಳು: ಹೂಂ ಅನ್ನಿ, ಹೂಂ ಅನ್ನಿ! ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಈ ಚೌಕಾಸಿ ನಾಲಿಗೆ ಸುಮ್ಮನಿರಬೇಕಲ್ಲ!

"ಛೇ ಛೇ, ಒಂದು ಕಾಸೂ ಖರ್ಚಿಲ್ಲ ಸ್ವಾಮಿ! ಹೋಟೆಲ್ ತೆರೆದಾಗಿನಿಂದ ಇಲ್ಲೇ ನೇತಾಡ್ತಿದೆ!"

"ಇದು ಈಗ ಅಪರಾಧ ಅಂತ ಗೊತ್ತೇನ್ರೀ ನಿಮಗೆ?"

ನಾಟಕ ಅಲ್ಲಿಗೇ ನಿಂತಿತು. ಏಟು ಕರಿಯನಿಗೆ ಬೀಳಬೇಕಿತ್ತು, ಬಿಳಿಯನಿಗೆ ಬಿತ್ತು! ಪರವಾನಗಿ ಎದುರು ಹೋಟೆಲಿನವನ ಪಾಲಾಯಿತು. ತಗಡಿನ ಲೋಟ ಅಮಲ್ದಾರರ ಜೀಪಿನಲ್ಲಿ ಹೋಯಿತು.

ಮರುದಿನ ಹನುಮಂತ ಒಳಗೇ ಬಂದು ಬೆಂಚಿನ ಮೇಲೆ ಕೂತ. ಎಲ್ಲರ ಹಾಗೆ ಹಿತ್ತಾಳೆ ಲೋಟದಲ್ಲಿ ಕಾಫಿ ಕೊಟ್ಟೆ. ಒಂದು ಗುಟುಕು ಹೀರಿ ಮುಖ ಕಿವುಚಿದ.

"ಸಾವ್ಕಾರ್ರೆ, ಆಚೆ ನಿಂತ್ಕಂಡು ಕುಡಿಯೋವಾಗ ಯೋಳಕ್ ಆಯ್ತಿರ್ನಿಲ್ಲ. ನಿಮ್ ಕಾಫಿ ಬರೀ ನೀರು."

"ಹೂಂ ಕಣಪ್ಪ!" ಎಂದರು ಗಿರಾಕಿಗಳೆಲ್ಲ ಒಟ್ಟಿಗೆ.

ನನ್ನ ಪರವಾಗಿ ಒಂದು ಮಾತಾಡಲಿ ಅಂತ ರಂಗಮ್ಮನ ಕಡೆ ತಿರುಗಿದೆ. ಅವಳು ಎಷ್ಟೋ ಕಾಲದಿಂದ ಪಕ್ಕದ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಳಂತೆ!