ನನ್ನನ್ನು ಕಾಯುವವರು ಬೇಕಾಗಿದ್ದಾರೆ

ಕಡಲು ದಾಟುವುದಕ್ಕೆ ಗಟ್ಟಿಯಾದ ಒಂದು ದೋಣಿ ಇದ್ದರೆ ಸಾಕು ಎಂದು ನಾನು ಬಹುಕಾಲ ನಂಬಿಕೊಂಡಿದ್ದೆ. ಹಂಗಾರಕಟ್ಟೆಯಲ್ಲಿ ಹುಟ್ಟಿದವನು ಹಾಗೆ ನಂಬಿದರೆ ಅವನ ತಪ್ಪು ಹೆಚ್ಚಿಲ್ಲ. ಬೆಳಗಾದರೆ ಕಿವಿಗೆ ಬೀಳುವುದು ಹಲಗೆಗೆ ಮೊಳೆ ಹೊಡೆಯುವ ಸದ್ದು. ಅಜ್ಜಂದಿರ ಮಾತೆಲ್ಲ ಮರ, ಗಾಳಿ, ಹಾಯಿ ಇಷ್ಟರಲ್ಲೇ ಸುತ್ತುತ್ತಿತ್ತು. ಸಮುದ್ರಕ್ಕೂ ಒಂದು ಬಾಗಿಲಿದೆ, ಆ ಬಾಗಿಲಲ್ಲಿ ಒಬ್ಬ ಗುಮಾಸ್ತ ಕುಳಿತಿರುತ್ತಾನೆ ಎಂದು ಅವರಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ನಾನು ನಂಬುತ್ತಿರಲಿಲ್ಲವೆನ್ನಿ.

ನನ್ನ ತಂಗಿ ರುಕ್ಮಿಣಿ ಇರುವುದು ಕೊಲಂಬೊದಲ್ಲಿ. ಭಾವ ಅಲ್ಲಿ ಹೋಟೆಲು ಇಟ್ಟಿದ್ದಾರೆ. ಯುದ್ಧ ಬಂತು, ಹೋಗಿಬರುವುದು ನಿಂತಿತು. ಯುದ್ಧ ಮುಗಿಯುವಷ್ಟರಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಮಕ್ಕಳಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ನಾನು ಆಡಿದ ಮಾತನ್ನು ನಾನೇ ಕೇಳಿಸಿಕೊಳ್ಳಬೇಕು. ಇತ್ತೀಚೆಗೆ ನಾನು ಹೇಳುವ ಕಥೆಗಳೆಲ್ಲ ನನಗೆ ಮೊದಲೇ ಗೊತ್ತಿರುವುದರಿಂದ ಕೇಳಲು ಬೇಸರ ಬರತೊಡಗಿತ್ತು. ಒಮ್ಮೆ ತಂಗಿಯ ಮುಖ ನೋಡಿಕೊಂಡು ಬರೋಣ ಎನ್ನಿಸಿತು.

ಮೊದಲಾದರೆ ರೈಲಿನ ಟಿಕೇಟು ತೆಗೆದು, ಕಡಲ ದಂಡೆಯ ಮಂಡಪಂ ಊರಿನ ಕ್ಯಾಂಪಿನಲ್ಲಿ ಡಾಕ್ಟರಿಗೆ ನಾಲಿಗೆ ತೋರಿಸಿ, ಸ್ಟೀಮರು ಹತ್ತಿದರೆ ಆಯಿತು. ಈಗ ನಾವೂ ಸ್ವತಂತ್ರರು, ಲಂಕೆಯವರೂ ಸ್ವತಂತ್ರರು. ಆದ್ದರಿಂದ ಯಾರೂ ಸುಮ್ಮನೆ ಹೊರಟುಬಿಡುವಂತಿಲ್ಲ. ಪಾಸ್‌ಪೋರ್ಟು, ವೀಸಾ, ವಾಸದ ಪರ್ಮಿಟ್ಟು, ಸಿಡುಬಿಗೂ ಕಾಲರಾಕ್ಕೂ ಚುಚ್ಚಿಸಿಕೊಂಡ ಸರ್ಟಿಫಿಕೇಟು. ಇವುಗಳಲ್ಲಿ ಯಾವುದು ಎಂತದೆಂದು ತಿಳಿಯಲು ನಮ್ಮೂರ ಪಟೇಲರ ಜಗಲಿಯಲ್ಲಿ ಕುಳಿತು ಅವರ ಎಲೆ ಅಡಿಕೆಯನ್ನೆಲ್ಲ ಖಾಲಿ ಮಾಡಿದೆ.

"ಕಾಣಿ ಶೆಟ್ರೆ," ಎಂದರು ಪಟೇಲರು, "ಪಾಸ್‌ಪೋರ್ಟ್ ಅಂದ್ರೆ ಇವ ನಮ್ಮವ ಅಂದೇಳಿ ನಮ್ಮ ಸರ್ಕಾರ ಹೇಳುದ್. ವೀಸಾ ಅಂದ್ರೆ, ಬರ್ಲಿ, ಉಂಡ್ಕಂಡ್ ಹೋಗ್ಲಿ ಅಂದೇಳಿ ಅವ್ರ್ ಹೇಳುದ್. ಪರ್ಮಿಟ್ ಅಲ್ಲೇ ಹಾಸ್ಕಂಡ್ ಮನಿಕಂಬುಕೆ."

"ನಂಗೆ ಉಂಡ್ಕಂಡ್ ಬಪ್ದ್ ಸಾಕ್."

"ಹಾಂಗಾರೆ ವೀಸಾ."

ಪಾಸ್‌ಪೋರ್ಟು ಬಂತು. ಅದಕ್ಕೆ ಅಂಟಿಸಿದ್ದ ಫೋಟೋ ನೋಡಿಯೂ ಇವನು ನಮ್ಮವನೆಂದು ಒಪ್ಪಿಕೊಂಡ ಸರ್ಕಾರದ ದೊಡ್ಡ ಮನಸ್ಸಿಗೆ ಕೈ ಮುಗಿದೆ. ಎಡವಿದ್ದು ವೀಸಾದ ಅರ್ಜಿಯಲ್ಲಿ. ವಾರಸುದಾರರು ಯಾರು ಎಂದು ಕೇಳಿದ್ದರು. ನಮ್ಮದು ಅಳಿಯಸಂತಾನದ ಕಟ್ಟು. ಮನೆ ಇಳಿದುಹೋಗುವುದು ಹೆಣ್ಣಿನ ಕಡೆಗೆ. ಗಂಡಸಿಗೆ ವಾರಸುದಾರರೆಂದರೆ ಅಕ್ಕತಂಗಿಯರ ಮಕ್ಕಳು. ಹಾಗಾಗಿ ರುಕ್ಮಿಣಿಯ ಇಬ್ಬರು ಮಕ್ಕಳ ಹೆಸರು ಬರೆದೆ. ಇರುವ ಮನೆ ಯಾರದು ಎಂದರೆ ರುಕ್ಮಿಣಿಯದು ಎಂದು ಬರೆದೆ. ಇದ್ದದ್ದನ್ನು ಇದ್ದ ಹಾಗೆ ಬರೆದ ಸಮಾಧಾನದಲ್ಲಿ ಪೆಟ್ಟಿಗೆಗೆ ಬಟ್ಟೆ ತುಂಬಲೂ ಶುರುಮಾಡಿದೆ.

ಲಂಕೆಯವರ ವೀಸಾ ಕಚೇರಿಯಿಂದ ಉತ್ತರ ಬಂತು. ನಿಮ್ಮ ವಾರಸುದಾರರು ಲಂಕೆಯಲ್ಲಿದ್ದಾರೆ, ನಿಮ್ಮ ಮನೆಯ ಒಡತಿ ಲಂಕೆಯಲ್ಲಿದ್ದಾರೆ. ನೀವು ನೋಡಿಹೋಗಲು ಬರುವವರಲ್ಲ, ನೆಲೆಸಲು ಬರುವವರು. ಊರಿಗೆ ಮರಳಿ ಹೋಗಲು ನಿಮಗೆ ಕಾರಣವೇನು, ಅಲ್ಲಿ ನಿಮ್ಮನ್ನು ಕಾಯುವವರು ಯಾರು ಎಂಬುದನ್ನು ಪಟೇಲರಿಂದ ಬರೆಸಿ ಕಳಿಸಿದರೆ ವೀಸಾ ಕೊಡಬಹುದು.

ನ್ಯಾಯವಾದ ಪ್ರಶ್ನೆ. ಕುಳಿತು ಯೋಚಿಸಿದೆ. ಒಂದು ನಾಯಿಯಿತ್ತು; ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಗೆ ಹೋದದ್ದು ಅಲ್ಲೇ ನಿಂತಿದೆ. ಅಲ್ಲಿ ಹೊತ್ತಿಗೆ ಸರಿಯಾಗಿ ಊಟವಂತೆ. ತೆಂಗಿನ ಮರಗಳಿವೆ, ಅವು ಯಾರು ಹತ್ತಿದರೂ ಕಾಯಿ ಕೊಡುತ್ತವೆ. ಬಾವಿಯಿದೆ. ಬಾವಿಯ ಹೆಸರು ಬರೆಸಲಾದೀತೇ?

ಪಟೇಲರು ಕಾಗದ ಬಿಡಿಸಿ, ಪೆನ್ನಿನ ಟೋಪಿ ತೆಗೆದು, "ಯಾರ್ ಹೆಸ್ರ್ ಬರಿಲಿ?" ಎಂದರು.

ನಾನು ಎಲೆಗೆ ಸುಣ್ಣ ಹಚ್ಚತೊಡಗಿದೆ. ಪೆನ್ನಿನ ಶಾಯಿ ಒಣಗಿತು. ಅಷ್ಟರಲ್ಲಿ ಮೀನು ಮಾರುವ ಮುತ್ತಕ್ಕ ಬಂದು ಅಂಗಳದಲ್ಲಿ ಬುಟ್ಟಿ ಇಳಿಸಿದಳು. ನಮ್ಮಿಬ್ಬರ ಮುಖ ನೋಡಿ, ಸಂಗತಿ ಏನೆಂದು ಕೇಳಿ ತಿಳಿದುಕೊಂಡಳು.

"ಹ್ವಾಯ್ ಪಟೇಲ್ರೆ, ನನ್ ಹೆಸ್ರ್ ಬರ್ಕಣಿ," ಎಂದಳು.

ನಾನು ಸರಿದು ಅವಳಿಗೆ ಜಗಲಿಯಲ್ಲಿ ಕೂರಲು ಜಾಗ ಬಿಟ್ಟೆ. ಪಟೇಲರು ಮಾತ್ರ ಸರ್ಕಾರದ ಕೆಲಸ ಬಿಡುವವರಲ್ಲ. "ಇವ್ರ್ ನಿಂಗೆ ಎಂತ ಆತ್ರ್?" ಎಂದು ಕೇಳಿದರು.

"ಎಂತದೂ ಇಲ್ಲೆ. ಊರೆಲ್ಲ ತಿರ್ಗಿ, ಯಾರಿಗೂ ಬ್ಯಾಡ ಅಂದೇಳಿ ಬುಟ್ಟಿ ಅಡಿಗೆ ಉಳ್ದ ಮೀನ್ ಇತ್ತಲೆ, ಅದನ್ನ ಒಂದ್ ಮಾತ್ ಆಡ್ದೆ ತಕಂಬವ್ರ್ ಇವ್ರೊಬ್ರೆ. ಇವ್ರ್ ತಿರ್ಗಿ ಬರ್ದಿದ್ರೆ ಅದನ್ನ ನಾ ಯಾರ್ ತಲೆಗ್ ಕಟ್ಲಿ?"

ಇಷ್ಟು ವರ್ಷ ಅವಳು ಮೀನನ್ನು ನನಗೆಂದೇ ತೆಗೆದಿಡುತ್ತಾಳೆಂದು ನಾನು ತಿಳಿದಿದ್ದೆ. ಒಳಗೊಳಗೇ ಸ್ವಲ್ಪ ಹೆಮ್ಮೆಯನ್ನೂ ಪಟ್ಟಿದ್ದೆ. ಪಟೇಲರು ಮೀಸೆಯಡಿಯಲ್ಲಿ ನಗು ಅಡಗಿಸಿ ಬರೆದರು: 'ಊರಿನ ಮೀನು ವ್ಯಾಪಾರಕ್ಕೆ ಇವರು ಅತ್ಯಗತ್ಯವಾಗಿದ್ದು, ಇವರು ಮರಳಿ ಬರುವುದನ್ನು ವ್ಯಾಪಾರಸ್ಥರು ಕಾಯುತ್ತಿರುತ್ತಾರೆ.' ಮುತ್ತಕ್ಕ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಕಾಗದಕ್ಕೆ ತುಸು ವಾಸನೆಯೂ ಹತ್ತಿತು. ಸುಳ್ಳು ಸಾಕ್ಷಿ ಅಲ್ಲವೆಂದು ಆ ಕಚೇರಿಯವರಿಗೆ ಮನವರಿಕೆಯಾದದ್ದು ಅದರಿಂದಲೇ ಇರಬೇಕು. ವೀಸಾ ಬಂತು.

ಕೊಲಂಬೊದಲ್ಲಿ ರುಕ್ಮಿಣಿ ನನ್ನನ್ನು ಕಂಡು ಮೊದಲು ಅತ್ತಳು, ಆಮೇಲೆ ಇಷ್ಟು ಬಡಕಲಾದದ್ದಕ್ಕೆ ಬೈದಳು. ಕೈಕಾಲು ತೊಳೆದು ಕೂತ ಮೇಲೆ ಮೆಲ್ಲಗೆ ಕೇಳಿದಳು: "ಅಣ್ಣಯ್ಯ, ನೀ ಇಲ್ಲೇ ಇರ್. ಪರ್ಮಿಟ್ ಇವ್ರ್ ಮಾಡ್ಸ್ತ್ರ್. ಅಲ್ಲ್ ನಿಂಗೆ ಯಾರಿತ್ರ್?"

ಕಚೇರಿಯವರು ಕೇಳಿದ್ದೂ ಇದನ್ನೇ. ಅವರಿಗೆ ಉತ್ತರ ಕೊಡುವುದು ಸುಲಭವಿತ್ತು. ನಾನು ಪಟೇಲರ ಕಾಗದದ ನಕಲು ತೆಗೆದು ಅವಳ ಕೈಗಿಟ್ಟೆ. ಓದಿದಳು. ಹೆಬ್ಬೆಟ್ಟಿನ ಕಥೆಯನ್ನೂ ಕೇಳಿದಳು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗು ನಿಂತ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು. "ನಾಳೆ ನಿಂಗೆ ತಾಜಾ ಮೀನ್ ಮಾಡಿ ಹಾಕ್ತೆ, ಕಾಣ್," ಎಂದಳು.

ಮಾಡಿ ಹಾಕಿದಳು. ಆಗಷ್ಟೇ ಬಲೆಯಿಂದ ಬಿಡಿಸಿದ ಮೀನು, ನಮ್ಮಮ್ಮ ಅರೆಯುತ್ತಿದ್ದಂಥದೇ ಮಸಾಲೆ. ಅವಳು ಎದುರಿಗೆ ಕುಳಿತು, ಮಕ್ಕಳು ಆಚೀಚೆ ಕುಳಿತು, ಮಾವ ಏನು ಹೇಳುತ್ತಾನೋ ಎಂದು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬಹಳ ಚೆನ್ನಾಗಿದೆ ಎಂದೆ. ಎರಡನೆಯ ಸಲವೂ ಬಡಿಸಿಕೊಂಡೆ. ನಿಮ್ಮ ಹತ್ತಿರ ಮಾತ್ರ ಹೇಳುತ್ತೇನೆ: ನನ್ನ ನಾಲಿಗೆಗೆ ಅದು ಸಪ್ಪೆಯಾಗಿತ್ತು.