ಮಾವನ ಮಧ್ಯಮ ದರ್ಜೆಯ ದುರ್ಬೀನು

ನಮ್ಮ ಸೋದರಮಾವನಂಥ ಗುರಿಕಾರ ಗುಬ್ಬಿ ತಾಲ್ಲೂಕಿನಲ್ಲೇ ಇರಲಿಲ್ಲ. ತೋಟಕ್ಕೆ ನುಗ್ಗುವ ಹಂದಿಗಳಿಗೆ ಅಂತ ಲೈಸೆನ್ಸಿನ ರೈಫಲ್ ಇಟ್ಟುಕೊಂಡಿದ್ದ. ಅವನು ಹಾರಿಸಿದ ಗುಂಡು ಒಂದೂ ದಂಡವಾಗಿದ್ದಿಲ್ಲ. ತೆಂಗಿನ ಮರಕ್ಕೋ, ನೀರಿನ ತೊಟ್ಟಿಗೋ, ಪಕ್ಕದ ತೋಟದವರ ಪಂಪ್‌ಸೆಟ್ಟಿಗೋ ಬಿದ್ದೇ ಬೀಳುತ್ತಿತ್ತು! ಹಂದಿಗಳು ಮಾತ್ರ ಮಕ್ಕಳು ಮರಿಯೊಂದಿಗೆ ಸುಖವಾಗಿದ್ದವು.

"ತಪ್ಪು ನಂದಲ್ಲ ಕಣ್ಲಾ. ರೈಫಲ್ ಮೇಲೊಂದು ದುರ್ಬೀನು ಬೇಕು," ಅಂತ ಎಂಬತ್ತರ ದಶಕದ ಒಂದು ಎಲೆಕ್ಷನ್ ವರ್ಷ ತುಮಕೂರಿಗೆ ಬಂದ. ನಾನಾಗ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ರಜೆ ಹಾಕಿಸಿ ಎಳೆದುಕೊಂಡು ಹೋದ. ಬಂದೂಕಿನ ಅಂಗಡಿಯವನು ಮೂರು ದುರ್ಬೀನು ತೆಗೆದಿಟ್ಟ. ಅಗ್ಗದ್ದರಲ್ಲಿ ನೋಡಿದರೆ ಎದುರಿನ ಹೋಟೆಲಿನ ಬೋರ್ಡು ಸಾಂಬಾರಿನಲ್ಲಿ ಮುಳುಗಿದ ಹಾಗೆ ಕಾಣುತ್ತಿತ್ತು. ದುಬಾರಿಯದರ ಬೆಲೆ ಕೇಳಿ ಮಾವ ಅದನ್ನು ಮುಟ್ಟಲೇ ಇಲ್ಲ. ನಡುವಿನದನ್ನು ಎತ್ತಿಕೊಂಡ. ಅವನು ತೆಂಗಿನಕಾಯಿ ವ್ಯಾಪಾರಿ. ರೇಡಿಯೋ ಆಗಲಿ ವಾಚಾಗಲಿ, ಅವನ ಪರೀಕ್ಷೆ ಒಂದೇ. ಉಗುರಿನಿಂದ ತಟ್ಟಿದ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ.

"ಒಳಗೇನೂ ಕುಲುಕಲ್ಲ. ಒಳ್ಳೆ ಮಾಲು," ಅಂದ.

ಅಂಗಡಿಯವನು ಸುಸ್ತಾಗಿ, "ತಗೊಂಡ್ಹೋಗಿ ಯಜಮಾನ್ರೇ, ಟೆಸ್ಟ್ ಮಾಡಿ. ಹಿಡಿಸ್ದಿದ್ರೆ ದಸರಾ ಕಳೆದ್ಮೇಲೆ ವಾಪಸ್ ತನ್ನಿ," ಅಂತ ಕೈಮುಗಿದ.

ಗುಬ್ಬಿಗೆ ಬಂದರೆ ಮನೆ ಬಾಗಿಲಲ್ಲಿ ಪೊಲೀಸಿನವನು. ಎಲೆಕ್ಷನ್ ಬಂತೆಂದರೆ ಲೈಸೆನ್ಸಿನ ಬಂದೂಕುಗಳೆಲ್ಲ ಸ್ಟೇಷನ್ನಿನಲ್ಲಿ ಡಿಪಾಜಿಟ್ ಆಗಬೇಕಲ್ಲ! ರೈಫಲ್ ಸ್ಟೇಷನ್ನಿಗೆ ಹೋಯಿತು, ದುರ್ಬೀನು ಮನೆಯಲ್ಲಿ ಉಳಿಯಿತು. ಬೇರೆಯವರಾಗಿದ್ದರೆ ಅದನ್ನು ಬೀರುವಿನಲ್ಲಿಟ್ಟು ಸುಮ್ಮನಾಗುತ್ತಿದ್ದರು. ಮಾವ ಟೆಸ್ಟಿಂಗ್ ಶುರು ಮಾಡಿದ. ಮಳೆಗಾಲದಲ್ಲಿ ಗಾಜಿನ ಒಳಗೆ ಮಂಜು ಹಿಡಿಯುತ್ತದೋ ಏನೋ ಅಂತ ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ನಿಂತ.

"ಇಡ್ಲಿ ಬೆಂದವೆ," ಅಂದಳು ಅತ್ತೆ. "ನಿಮ್ದು ಇನ್ನೂ ಬೆಂದಿಲ್ವಾ?"

ಆಮೇಲೆ ದೂರದ ಟೆಸ್ಟು. ದಿನಾ ಸಂಜೆ ಮಾಳಿಗೆ ಹತ್ತಿ, ನಾನು ವರ್ಕ್‌ಶಾಪಿನಲ್ಲಿ ಮಾಡಿಸಿಕೊಟ್ಟ ಕ್ಲಾಂಪಿಗೆ ದುರ್ಬೀನು ಸಿಗಿಸಿ ಕೆರೆಯ ಆಚೆ ದಡಕ್ಕೆ ತಿರುಗಿಸುತ್ತಿದ್ದ. ಹಂದಿಗಳ ಕಾಟವಿದ್ದ ತೋಟ ಈಚೆ ಕಡೆಗಿತ್ತು. ಆಚೆ ದಡದಲ್ಲಿದ್ದದ್ದು ಬೀಗರ ಮನೆ.

ಮಾವ ತನ್ನ ಒಬ್ಬಳೇ ಮಗಳು ಗಿರಿಜೆಯನ್ನು ಆ ಮನೆಗೆ ಕೊಟ್ಟಿದ್ದ. ಬೀಗರ ಹಿರಿಯರ ಊರು ಕುಣಿಗಲ್. ಅಲ್ಲಿನ ಛತ್ರದಲ್ಲೇ ಮದುವೆ. ಮಾವ ತನ್ನ ಮಂಡಿಯಿಂದ ಆರಿಸಿ ತಂದ ಕಾಯಿಗಳಲ್ಲಿ ಪೂಜೆಗೆ ಒಡೆದದ್ದೇ ಕೊಳೆತಿತ್ತು. "ಕಾಯಿ ವ್ಯಾಪಾರಿ ಮನೇದೇ ಹಿಂಗಾ?" ಅಂತ ಬೀಗರು ನಕ್ಕುಬಿಟ್ಟರು. ಮುಗೀತು! "ಆ ಮಾತು ವಾಪಸ್ ತಗೊಳ್ಳೋವರ್ಗೂ ಅವರ ಹೊಸಿಲು ತುಳಿಯಲ್ಲ," ಅಂದ ಮಾವ. "ತಂದೆ ಬಂದು ಕರೀದೆ ಸೊಸೇನ ತವರಿಗೆ ಕಳ್ಸೋ ಪದ್ಧತಿ ನಮ್ಮಲ್ಲಿಲ್ಲ," ಅಂದರು ಬೀಗರು. ಇವನು ಹೋಗಲಿಲ್ಲ, ಅವರು ಕಳಿಸಲಿಲ್ಲ. ಮೊದಲ ಗೌರಿ ಹಬ್ಬಕ್ಕೂ ಮಗಳು ಬರಲಿಲ್ಲ. ಕೆರೆ ಏರಿ ದಾಟಿದರೆ ಸಿಗುವ ಮನೆ! ನನಗಂತೂ ಇಬ್ಬರು ಮುದುಕರ ತಲೆಗೂ ಒಂದೊಂದು ಮೊಟಕಬೇಕು ಅನ್ನಿಸುತ್ತಿತ್ತು.

"ಗಾಜು ಹೆಂಗಿದೆ ಮಾವ?" ಅಂದೆ, ಗುಬ್ಬಿಗೆ ಹೋಗಿದ್ದ ಒಂದು ಭಾನುವಾರ ಸಂಜೆ.

"ಚೆನ್ನಾಗಿದೆ. ಸ್ವಲ್ಪ ಸೊರಗವ್ಳೆ," ಅಂದ.

ಕತ್ತಲಾಗುವವರೆಗೂ ಮಾವ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ.

ಆಯುಧಪೂಜೆ ಬಂತು, ನಾನೂ ಗುಬ್ಬಿಗೆ ಬಂದೆ. ರೈಫಲ್ ಇಲ್ಲವಲ್ಲ, ಅದರ ಜಾಗದಲ್ಲಿ ಕುಡುಗೋಲು, ತಕ್ಕಡಿಗಳ ಪಕ್ಕ ಅತ್ತೆ ದುರ್ಬೀನನ್ನೇ ಮಣೆಯ ಮೇಲಿಟ್ಟಳು. ಶಿವಭಕ್ತರ ಮನೆ, ಪೂಜೆ ಅಂದಮೇಲೆ ಹಣೆಗೆ ವಿಭೂತಿ ಬೇಡವೇ? ದುರ್ಬೀನಿಗೆ ಹಣೆ ಯಾವುದು? ಮುಂದೆ ಅಗಲವಾಗಿ ಹೊಳೆಯುತ್ತಿರುವುದೇ ಹಣೆ! ಆ ಗಾಜಿಗೆ ಮೂರು ಬೆರಳಿನಲ್ಲಿ ವಿಭೂತಿ ಬಳಿದು, ನಡುವೆ ಕಾಸಗಲ ಕುಂಕುಮವಿಟ್ಟು ಕೈಮುಗಿದಳು.

ಸಂಜೆ ಮಾವ ಎಂದಿನಂತೆ ದುರ್ಬೀನನ್ನು ಮಾಳಿಗೆಗೆ ಒಯ್ದ. ಅವನು ಕಣ್ಣಿಡುವುದು ಹಿಂದಿನ ಗಾಜಿಗೆ. ಮುಂದಿನದರ ಅಲಂಕಾರ ಅವನಿಗೇನು ಗೊತ್ತು? ಕಣ್ಣಿಟ್ಟವನೇ ಕೂಗಿಕೊಂಡ.

"ಲೋ, ಬರೀ ಹೊಗೆ ಕಣ್ಲಾ, ಕೆಂಪಗೆ! ಗಿರಿಜೆ ಮನೆಗೆ ಬೆಂಕಿ ಬಿದ್ದದೆ!"

ಬೇರೆ ಯಾವ ಕಡೆ ತಿರುಗಿಸಿದ್ದರೂ ಇಡೀ ಗುಬ್ಬಿಯೇ ಹೊತ್ತಿ ಉರಿಯುವಂತೆ ಕಾಣುತ್ತಿತ್ತು. ಆದರೆ ಅವನು ಬೇರೆ ಕಡೆ ತಿರುಗಿಸಿದವನೇ ಅಲ್ಲ. ಕ್ಲಾಂಪಿನ ಸಮೇತ ದುರ್ಬೀನು ಕಂಕುಳಿಗೆ ಸಿಕ್ಕಿಸಿ, ಕೊಟ್ಟಿಗೆ ಮುಂದಿನ ಬಕೆಟ್ಟು ಎತ್ತಿಕೊಂಡು ಏರಿ ಮೇಲೆ ಓಡಿದ. ಬಕೆಟ್ಟಿನಲ್ಲಿದ್ದದ್ದು ಹಸುವಿನ ಕಲಗಚ್ಚು. ಹಿಂದೆ ಓಡಿದ ನನ್ನ ಮೇಲೆ ಅರ್ಧ ಚೆಲ್ಲಿತು. ಬೀಗರ ಹೊಸಿಲನ್ನು ಒಂದೇ ನೆಗೆತಕ್ಕೆ ದಾಟಿ ಪಡಸಾಲೆಯಲ್ಲಿ ನಿಂತ. ಬೀಗರು ಕಾಫಿ ಕುಡಿಯುತ್ತಿದ್ದರು.

"ಎಲ್ಲಿ ಬೆಂಕಿ?" ಅಂದ ಮಾವ, ಏದುಸಿರು ಬಿಡುತ್ತ.

"ಒಲೇಲಿ," ಅಂದರು ಬೀಗರು.

ನಾನು ದುರ್ಬೀನನ್ನು ಕಿತ್ತುಕೊಂಡು ನೋಡಿದೆ. ಹಣೆ ತುಂಬ ವಿಭೂತಿ, ಕುಂಕುಮ. ಬೀಗರೂ ಇಸಿದುಕೊಂಡು ನೋಡಿದರು. ನಗು ಬಂದರೂ ತಡೆದುಕೊಂಡು, "ಇದ್ರಲ್ಲಿ ನಮ್ಮನೆ ಯಾಕೆ ನೋಡ್ತಿದ್ರಿ?" ಅಂದರು.

"ಟೆಸ್ಟಿಂಗು. ಹಂದಿ ಬಂದ್ರೆ ಕಾಣ್ತವಾ ಅಂತ."

"ನಮ್ಮ ಮಾಳಿಗೆ ಮೇಲೆ ಹಂದಿ ಬರ್ತವಾ?"

ಮಾವ ಬಕೆಟ್ಟು ಕೆಳಗಿಟ್ಟ. "ಸಂಜೆ ಅವ್ಳು ಒಣಗಿದ ಬಟ್ಟೆ ತೆಗ್ಯೋಕೆ ಬರ್ತಾಳೆ. ಅಷ್ಟೇ ನಂಗೆ ಕಾಣೋದು."

ಬೀಗರು ಲೋಟ ಪಕ್ಕಕ್ಕಿಟ್ಟರು.

"ನಾಕು ಬಟ್ಟೆ ತೆಗ್ಯೋಕೆ ಈ ಹುಡ್ಗಿ ಕತ್ಲಾಗೋವರ್ಗೂ ಕೆರೆ ಕಡೆ ಮುಖ ಮಾಡ್ಕೊಂಡು ಯಾಕೆ ನಿಂತಿರ್ತಾಳೆ ಅಂತ ನಾನೂ ಅನ್ಕೋತಿದ್ದೆ," ಅಂದರು. "ಪಾಪ, ಅವ್ಳತ್ರ ದುರ್ಬೀನೂ ಇಲ್ಲ."

ಎದ್ದು ಮೆಟ್ಟಿಲ ಬಳಿ ಹೋಗಿ ಮೇಲೆ ಮುಖವೆತ್ತಿ ಕೂಗಿದರು.

"ಗಿರಿಜಾ, ಬಟ್ಟೆ ಅಲ್ಲೇ ಇರ್ಲಿ, ಇಳಿದು ಬಾರಮ್ಮ. ನಿಮ್ಮಪ್ಪ ಕರ್ಯೋಕೆ ಬಂದವ್ರೆ."