ಅತ್ತೆಗೆ ಎಟುಕದ ಸಿಂಕು

ನನ್ನಷ್ಟು ಉದ್ದದ ಹೆಂಗಸಿಗೆ ಈ ಲೋಕದಲ್ಲಿ ಯಾವುದೂ ಸರಿಯಾದ ಎತ್ತರದಲ್ಲಿರುವುದಿಲ್ಲ. ಶಾಲೆಯಲ್ಲಿ ಹಿಂದಿನ ಬೆಂಚು, ಮದುವೆ ಫೋಟೋಗಳಲ್ಲಿ ಹಿಂದಿನ ಸಾಲು. ಗಂಡಿನ ಕಡೆಯವರು ನೋಡಲು ಬಂದಾಗಲೂ ಅಮ್ಮ ಕಿವಿಯಲ್ಲಿ, "ಸ್ವಲ್ಪ ಕುಗ್ಗಿ ಕೂತ್ಕೊಳ್ಳೇ" ಅಂದಿದ್ದಳು. ಹಾಗೆ ಕುಗ್ಗಿಕೊಂಡೇ ಕುಶಾಲನಗರದ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದರೆ, ಅಡುಗೆಮನೆಯಲ್ಲಿ ತೊಡೆಯ ಮಟ್ಟಕ್ಕೊಂದು ಸಿಂಕು! ಅದು ಅತ್ತೆಯ ಅಳತೆ. ನಮ್ಮತ್ತೆ ನನ್ನ ಭುಜಕ್ಕೂ ಬರುವುದಿಲ್ಲ. ಬೆಳಗಿನ ಪಾತ್ರೆ ತೊಳೆದು ನಾನು ನೆಟ್ಟಗಾಗುವಷ್ಟರಲ್ಲಿ ಮಧ್ಯಾಹ್ನದ ಪಾತ್ರೆ ಬಿದ್ದಿರುತ್ತಿದ್ದವು.

ಈ ವರ್ಷ ಮನೆ ರಿಪೇರಿಗೆ ಕೈಹಾಕಿದಾಗ, ಆ ಸಿಂಕಿದ್ದ ಹಳೇ ಕಡಪ ಕಲ್ಲಿನ ಕಟ್ಟೆ ಒಡೆಸಲೇಬೇಕೆಂದು ಹಟ ಹಿಡಿದೆ. ಅತ್ತೆ ಬೇಡವೆನ್ನುತ್ತಾರೆಂದು ಜಗಳಕ್ಕೆ ಮಾತನ್ನೂ ಜೋಡಿಸಿಟ್ಟುಕೊಂಡಿದ್ದೆ. ಸುಂಟಿಕೊಪ್ಪದಿಂದ ಬಂದ ಮೊಯ್ದು ಮೇಸ್ತ್ರಿ, "ಇಲ್ಲಿ ಕೆಲಸ ಮಾಡೋರು ಯಾರು? ಬಂದು ನಿಲ್ಲಿ, ಅಳತೆ ಹಾಕ್ತೇನೆ" ಅಂದರು. ಅತ್ತೆ ನನ್ನ ತೋಳು ಹಿಡಿದು ಗೋಡೆಗೆ ನಿಲ್ಲಿಸಿಬಿಟ್ಟರು. "ಇವಳದ್ದೇ ತಗೊಳ್ಳಪ್ಪ. ಸೊಂಟ ಹಿಡ್ಕೊಂಡು ಓಡಾಡೋಳು ಇವಳು. ನಾನು ಹೆಂಗೋ ಮಾಡ್ಕೋತೀನಿ." ನನ್ನ ಜಗಳವೆಲ್ಲ ದಂಡವಾಯಿತು.

ಗ್ರಾನೈಟ್ ಕಟ್ಟೆ ಬಂತು, ಥಳಥಳಿಸುವ ಸ್ಟೀಲ್ ಸಿಂಕು ಬಂತು. ಮೊದಲ ದಿನವೇ ಅತ್ತೆ ಕಾಫಿ ಲೋಟ ತೊಳೆಯಲು ಹೋದರೆ ನೀರು ಮೊಣಕೈಗಿಳಿದು ರವಿಕೆಯೆಲ್ಲ ತೊಯ್ದು ತೊಪ್ಪೆ. ನಕ್ಕರು. ಆಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಹಿತ್ತಲಿನ ನಲ್ಲಿಯ ಬುಡದಲ್ಲಿ ಕೂತು, ಕೊರೆಯುವ ನೀರಿನಲ್ಲಿ ಪಾತ್ರೆ ಉಜ್ಜುತ್ತಿದ್ದಾರೆ! "ಇಲ್ಲೇ ಆರಾಮು ಕಣೇ" ಅಂದರು. ಅವರು ಉಜ್ಜುವುದು, ನಾನು ತೊಳೆಯುವುದು, ನಡುವೆ ಊರಿನ ಸುದ್ದಿಯನ್ನೆಲ್ಲ ಇಬ್ಬರೂ ಸೇರಿ ಉಜ್ಜುವುದು, ನಮ್ಮ ಸಂಸಾರ ನಡೆದದ್ದೇ ಆ ಕುಳ್ಳು ಸಿಂಕಿನ ಮುಂದೆ. ಈಗ ಸೊಂಟ ನೋವಿಲ್ಲ, ಮಾತಿಗೆ ಜನವೂ ಇಲ್ಲ. ಅತ್ತೆಯನ್ನು ಅವರದೇ ಅಡುಗೆಮನೆಯಿಂದ ಓಡಿಸಿದ ಪುಣ್ಯ ನನ್ನದು.

ನಮ್ಮ ಮನೆಯವರಿಗೆ ಹೇಳಿಕೊಂಡೆ. ಟಿವಿಯಿಂದ ಕಣ್ಣು ತೆಗೆಯದೆ, "ಕಟ್ಟೆ ಇಳಿಸೋಕಾಗಲ್ಲ. ಅಮ್ಮನ್ನೇ ಏರಿಸು" ಅಂದರು. ತಮಾಷೆಗೇ ಅಂದದ್ದು. ನಾನು ಆಚಾರಿಯನ್ನು ಕರೆಸಿ, ರಿಪೇರಿಯಲ್ಲಿ ಉಳಿದಿದ್ದ ಸಿಲ್ವರ್ ಓಕ್ ಹಲಗೆಯಲ್ಲಿ ಗೇಣೆತ್ತರದ, ಅಗಲವಾದ, ಅಲ್ಲಾಡದ ಮಣೆ ಮಾಡಿಸಿದೆ.

"ನಾನೇನು ನಾಟಕದೋಳಾ, ಇದರ ಮೇಲೆ ನಿಲ್ಲೋಕೆ?" ಅಂತ ಅತ್ತೆ ಮುಖ ತಿರುಗಿಸಿದರು.

"ನೀವಿಲ್ಲದೆ ನನಗೆ ಇಲ್ಲಿ ನಿಲ್ಲೋಕೆ ಮನಸ್ಸೇ ಬರಲ್ಲ ಅತ್ತೆ. ನೀವು ಹತ್ತದಿದ್ದರೆ ನಾನೂ ಹಿತ್ತಲಿಗೇ ಬರ್ತೀನಿ" ಅಂದೆ.

ನಾನು ಬಗ್ಗಿ ಕೊಟ್ಟ ಭುಜ ಹಿಡಿದು ಹತ್ತಿದರು. ಆ ಎತ್ತರದಿಂದ ಮೊದಲ ಬಾರಿಗೆ ನನ್ನ ತಲೆ ನೋಡಿ, "ಅಯ್ಯೋ, ನೆತ್ತಿ ಮೇಲೆ ಇಷ್ಟೊಂದು ನರೆ! ಒಂದಿನಾನೂ ಹೇಳಲಿಲ್ವಲ್ಲೇ" ಅಂತ ಒದ್ದೆ ಕೈಯಲ್ಲೇ ಸವರಿದರು. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಅವರ ದೃಷ್ಟಿ ಮೇಲಿನ ಶೆಲ್ಫಿಗೆ ಹೋಯಿತು. "ಇದೇನೇ, ಇಷ್ಟು ಧೂಳು?"

ಈಗ ತೊಳೆಯಲು ಒಂದು ಚಮಚವಿಲ್ಲದಿದ್ದರೂ, ನನ್ನನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದರೆ ಅತ್ತೆ ಮೊದಲು ಮಣೆ ಎಳೆದು ಹತ್ತಿ ನಿಲ್ಲುತ್ತಾರೆ. ಅದನ್ನು ಎಳೆಯುವ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಓಡಿ ಹೋಗಿ ಬೀಳದಂತೆ ಅವರ ಕೈ ಹಿಡಿದುಕೊಳ್ಳುತ್ತೇನೆ. ಹಿಡಿದುಕೊಂಡೇ ಬೈಸಿಕೊಳ್ಳುತ್ತೇನೆ.